ಮಿಸ್‌ಫಿಟ್ಸ್, 1977ರಿಂದ 1983: ಪದೇ ಪದೇ ಕೇಳುವ ಪ್ರಶ್ನೆಗಳು

ಮಿಸ್‌ಫಿಟ್ಸ್ ಎಂಬ ರಾಕ್ ತಂಡದ ಹಾಡು ಕೇಳಿದವರಿಗಿಂತ ಅದರ ಬುರುಡೆ ಚಿತ್ರವನ್ನು ಅಂಗಿಯ ಮೇಲೆ ನೋಡಿದವರೇ ಹೆಚ್ಚು. ಹಾಗೆ ಬುರುಡೆಯ ಬೆನ್ನು ಹತ್ತಿ ಹಾಡಿಗೆ ಬಂದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವನ್ನೆಲ್ಲ ಒಂದೆಡೆ ಸೇರಿಸಿ ಉತ್ತರ ಬರೆದಿದ್ದೇನೆ. ಗ್ಲೆನ್ ಡ್ಯಾನ್‌ಜಿಗ್ ಹಾಡುತ್ತಿದ್ದ ಮೊದಲ ಅವಧಿಗೇ ಇಲ್ಲಿ ಹೆಚ್ಚು ಜಾಗ. ಉತ್ತರಗಳಲ್ಲಿ ನನ್ನ ಇಷ್ಟಾನಿಷ್ಟಗಳೂ ನುಸುಳಿವೆ, ಅವನ್ನು ಮುಚ್ಚಿಡುವ ಗೋಜಿಗೆ ಹೋಗಿಲ್ಲ.

ಇವರು ಯಾರು? ಎಲ್ಲಿಯವರು?

ಅಮೆರಿಕದ ನ್ಯೂಜೆರ್ಸಿ ರಾಜ್ಯದ ಲೋಡೈ ಎಂಬ ಸಣ್ಣ ಊರಿನವರು. ನ್ಯೂಯಾರ್ಕ್ ನಗರದಿಂದ ಹಡ್ಸನ್ ನದಿ ದಾಟಿ ಸ್ವಲ್ಪ ದೂರ ಹೋದರೆ ಸಿಗುವ, ದುಡಿಯುವ ಜನರ ಊರು ಅದು. ಅಲ್ಲಿ ಹುಟ್ಟಿದ ಗ್ಲೆನ್ ಆಲನ್ ಆನ್ಜಲೋನ್ ಎಂಬ ಯುವಕ ವೇದಿಕೆಗಾಗಿ ಡ್ಯಾನ್‌ಜಿಗ್ ಎಂಬ ಹೆಸರಿಟ್ಟುಕೊಂಡು 1977ರಲ್ಲಿ ತಂಡ ಕಟ್ಟಿದ. ಮರಿಲಿನ್ ಮನ್ರೋ ಪೂರ್ತಿಯಾಗಿ ನಟಿಸಿ ಮುಗಿಸಿದ ಕೊನೆಯ ಚಿತ್ರ 1961ರಲ್ಲಿ ಬಂದಿತ್ತು. ತಂಡದ ಹೆಸರು ಆ ಚಿತ್ರದ ಹೆಸರೇ. ಎಲ್ಲಿಯೂ ಹೊಂದಿಕೊಳ್ಳದವರು ಎಂಬ ಅರ್ಥ ಅವರಿಗೆ ಚೆನ್ನಾಗಿಯೇ ಹೊಂದಿಕೊಂಡಿತು.

ನ್ಯೂಯಾರ್ಕಿನಲ್ಲಿ ಪಂಕ್ ಎಂಬ ಒರಟು, ವೇಗದ ರಾಕ್ ಆಗಲೇ ಸದ್ದು ಮಾಡುತ್ತಿತ್ತು. ಆದರೆ ನದಿಯ ಈಚೆ ಬದಿಯ ಹುಡುಗರನ್ನು ಆ ನಗರದ ಕಲಾವಿದರ ಗುಂಪು ತನ್ನವರೆಂದು ಎಣಿಸಲಿಲ್ಲ. 1977ರ ಏಪ್ರಿಲ್‌ನಲ್ಲಿ ಸಿಬಿಜಿಬಿ ಎಂಬ ಇಕ್ಕಟ್ಟಾದ ಕ್ಲಬ್ಬಿನಲ್ಲಿ ಇವರ ಮೊದಲ ಪ್ರದರ್ಶನ ನಡೆಯಿತು. ನಂತರದ ಆರೂವರೆ ವರ್ಷಗಳಲ್ಲಿ ಇವರು ಹೆಚ್ಚಾಗಿ ಹಾಡಿದ್ದು ಅಂಥ ಜಾಗಗಳಲ್ಲೇ.

ಇವರದು ಹಾರರ್ ಪಂಕ್ ಎನ್ನುತ್ತಾರಲ್ಲ, ಹಾಗೆಂದರೆ ಏನು? ಗೋಥಿಕ್ ರಾಕ್ ಬೇರೆಯೇ?

ಬೇರೆ. ಗೋಥಿಕ್ ರಾಕ್‌ನಲ್ಲಿ ಕತ್ತಲೆ ಮನಸ್ಸಿನೊಳಗಿನದು. ಲಯ ನಿಧಾನ, ದನಿಯಲ್ಲಿ ವಿಷಾದ. ಹಾರರ್ ಪಂಕ್‌ನಲ್ಲಿ ಕತ್ತಲೆ ಚಿತ್ರಮಂದಿರದ್ದು. ರಬ್ಬರ್ ಮುಖವಾಡದ ರಾಕ್ಷಸ, ದಾರಕ್ಕೆ ಕಟ್ಟಿದ ಹಾರುವ ತಟ್ಟೆ, ಗೋರಿಯಿಂದ ಎದ್ದು ಬರುವ ಹೆಣಗಳು, ಇವೆಲ್ಲ ಮೂರು ಸ್ವರಮೇಳದ ಎರಡು ನಿಮಿಷದ ಹಾಡಿನಲ್ಲಿ ಬಂದು ಹೋಗುತ್ತವೆ. ಹೆದರಿಸುವುದಕ್ಕಿಂತ ಹೆದರುವುದರ ಮೋಜು ಅಲ್ಲಿ ದೊಡ್ಡದು.

ಭೂತಪ್ರೇತಗಳನ್ನು ರಾಕ್ ವೇದಿಕೆಗೆ ತಂದವರಲ್ಲಿ ಇವರೇನೂ ಮೊದಲಿಗರಲ್ಲ. 1950ರ ದಶಕದಲ್ಲೇ ಸ್ಕ್ರೀಮಿನ್ ಜೇ ಹಾಕಿನ್ಸ್ ಶವಪೆಟ್ಟಿಗೆಯಿಂದ ಎದ್ದು ಬಂದು ಹಾಡುತ್ತಿದ್ದ. ಇಂಗ್ಲೆಂಡಿನ ಡ್ಯಾಮ್ಡ್ ತಂಡದ ಗಾಯಕ ಡೇವ್ ವೇನಿಯನ್ ರಕ್ತಪಿಶಾಚಿಯ ವೇಷ ತೊಡುತ್ತಿದ್ದ. ನ್ಯೂಯಾರ್ಕಿನಲ್ಲಿ ಕ್ರ್ಯಾಂಪ್ಸ್ ಇದ್ದರು. ಆದರೆ ಹಾಡು, ಉಡುಪು, ಕೂದಲು, ರೆಕಾರ್ಡಿನ ಹೊದಿಕೆ, ಅಭಿಮಾನಿ ಸಂಘ ಎಲ್ಲವನ್ನೂ ಒಂದೇ ಭೂತಲೋಕವಾಗಿ ಹೊಲಿದವರು ಮಿಸ್‌ಫಿಟ್ಸ್. ಈ ಬಗೆಗೆ ಒಂದು ಹೆಸರು ಬೇಕಾದದ್ದೇ ಇವರನ್ನು ನೋಡಿ ಬೇರೆ ತಂಡಗಳು ಹುಟ್ಟಿಕೊಂಡ ಮೇಲೆ.

ಈ ಭೂತದ ಗೀಳು ಎಲ್ಲಿಂದ ಬಂತು?

ದೂರದರ್ಶನದಿಂದ. 1957ರಲ್ಲಿ ಯೂನಿವರ್ಸಲ್ ಸಂಸ್ಥೆಯ 52 ಹಳೆಯ ಚಿತ್ರಗಳನ್ನು ಒಂದು ಕಂತೆಯಾಗಿ ಅಮೆರಿಕದ ಟಿವಿ ಕೇಂದ್ರಗಳಿಗೆ ಮಾರಲಾಯಿತು. ಡ್ರಾಕುಲಾ, ಫ್ರಾಂಕೆನ್‌ಸ್ಟೈನ್, ಮಮ್ಮಿ ಎಲ್ಲರೂ ತಡರಾತ್ರಿ ಮನೆಯೊಳಗೇ ಬಂದರು. ಅವರ ಜೊತೆ ಹೆಣದ ವೇಷ ಹಾಕಿ ಚಿತ್ರವನ್ನು ಪರಿಚಯಿಸುವ, ನಡುನಡುವೆ ಕುಚೇಷ್ಟೆ ಮಾಡುವ ನಿರೂಪಕರೂ ಬಂದರು. ಮರುವರ್ಷ ಭೂತಚಿತ್ರಗಳಿಗೇ ಮೀಸಲಾದ ಮಕ್ಕಳ ಮೆಚ್ಚಿನ ಪತ್ರಿಕೆಯೊಂದು ಹೊರಬಿತ್ತು. ಮಿಸ್‌ಫಿಟ್ಸ್ ಎಂದು ಬರೆಯುವ ಆ ಅಂಕುಡೊಂಕು ಅಕ್ಷರಗಳ ಮೂಲ ಆ ಪತ್ರಿಕೆಯ ಶೀರ್ಷಿಕೆಯೇ. 1955ರಲ್ಲಿ ಹುಟ್ಟಿದ ಡ್ಯಾನ್‌ಜಿಗ್ ಈ ಅಲೆಯ ನಡುವೆಯೇ ಬೆಳೆದವನು.

ಇದು ಒಬ್ಬನ ವಿಚಿತ್ರ ರುಚಿ ಎನ್ನುವುದಕ್ಕಿಂತ ಒಂದು ಇಡೀ ತಲೆಮಾರಿನ ಬಾಲ್ಯ ಎನ್ನುವುದು ಸರಿ. ಉಳಿದವರು ದೊಡ್ಡವರಾಗುತ್ತ ಅದನ್ನು ಅಟ್ಟಕ್ಕೆ ಹಾಕಿದರು, ಇವರು ಕೆಳಗಿಳಿಸಿದರು.

ಮೊದಲ ರೆಕಾರ್ಡಿನಲ್ಲಿ ಗಿಟಾರೇ ಇರಲಿಲ್ಲವಂತೆ, ನಿಜವೇ?

ನಿಜ. 1977ರ ‘ಕಾಫ್/ಕೂಲ್’ ಏಳು ಇಂಚಿನ ರೆಕಾರ್ಡು, ಅಚ್ಚಾದದ್ದು 500 ಪ್ರತಿ. ಡ್ಯಾನ್‌ಜಿಗ್ ಎಲೆಕ್ಟ್ರಿಕ್ ಪಿಯಾನೊ ನುಡಿಸುತ್ತ ಹಾಡಿದ್ದಾನೆ, ಮ್ಯಾನಿ ಮಾರ್ಟಿನೆಜ್ ಡ್ರಮ್ಸ್, ಜೆರಿ ಓನ್ಲಿ ಬಾಸ್. ಪಿಯಾನೊದ ದನಿಯನ್ನು ಒಡೆಯುವಷ್ಟು ಹಿಗ್ಗಿಸಿದ್ದರಿಂದ ಅದು ಪಿಯಾನೊದಂತೆ ಕೇಳಿಸುವುದೂ ಇಲ್ಲ. ತುಕ್ಕು ಹಿಡಿದ ತಗಡನ್ನು ಯಾರೋ ನಿಧಾನವಾಗಿ ಎಳೆದಂತಿದೆ. ಈ ತಂಡದ ಹೆಸರಿನೊಂದಿಗೆ ನಾವು ಗುರುತಿಸುವ ಸದ್ದು ಇಲ್ಲಿ ಸುಳಿದೂ ಇಲ್ಲ. ನನಗೆ ಮಾತ್ರ ಇದು ಅವರ ಅತ್ಯಂತ ನಿಜವಾದ ಭಯ ಹುಟ್ಟಿಸುವ ರೆಕಾರ್ಡು. ಮುಂದಿನವು ಭೂತದ ಬಗ್ಗೆ ಹಾಡುತ್ತವೆ, ಇದು ಒಂದು ಖಾಲಿ ಮನೆಯಂತೆ ಸುಮ್ಮನೆ ಕೂತಿರುತ್ತದೆ.

‘ಜೆರಿ ಓನ್ಲಿ’ ಎಂಬುದು ಎಂಥ ಹೆಸರು?

ಆತನ ನಿಜವಾದ ಹೆಸರು ಜೆರಾಲ್ಡ್ ಕಯಾಫಾ. ಮೊದಲ ರೆಕಾರ್ಡಿನ ಹೊದಿಕೆಯಲ್ಲಿ ಮನೆತನದ ಹೆಸರು ತಪ್ಪಾಗಿ ಅಚ್ಚಾಯಿತು. ಬೇಸತ್ತ ಆತ ಇನ್ನು ಮೇಲೆ ಬರೀ ಜೆರಿ ಎಂದು ಹಾಕಿ, ಜೆರಿ ಮಾತ್ರ ಎಂದ. ‘ಮಾತ್ರ’ ಎಂಬುದೂ ಹೆಸರಿಗೆ ಅಂಟಿಕೊಂಡಿತು. ಅಚ್ಚಿನ ದೋಷವೊಂದು ಮನುಷ್ಯನಿಗೆ ಹೆಸರಿಟ್ಟ ಉದಾಹರಣೆ ಇದಕ್ಕಿಂತ ಚೆಂದದ್ದು ನನಗೆ ಸಿಕ್ಕಿಲ್ಲ. ತಂಡ ಸೇರಿದಾಗ ಆತನಿಗೆ ಹದಿನೇಳು-ಹದಿನೆಂಟು ವರ್ಷ. ಬಾಸ್ ಕೈಗೆ ಬಂದು ಕೆಲವೇ ತಿಂಗಳಾಗಿತ್ತು.

ಮೂವತ್ತು ಗಂಟೆಗಳ ಕತೆ ಏನು?

ಇಡೀ ಇತಿಹಾಸದಲ್ಲಿ ನನಗೆ ಬಹಳ ಇಷ್ಟವಾದ ಪ್ರಸಂಗ ಇದು, ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಮೊದಲ ರೆಕಾರ್ಡನ್ನು ಡ್ಯಾನ್‌ಜಿಗ್ ಸ್ವಂತ ಸಂಸ್ಥೆಯ ಹೆಸರಿನಲ್ಲಿ ಹೊರತಂದಿದ್ದ. ಸಂಸ್ಥೆ ಎಂದರೆ ಕಚೇರಿ, ಗುಮಾಸ್ತ ಎಂದೆಲ್ಲ ಊಹಿಸಬೇಡಿ. ರೆಕಾರ್ಡಿನ ನಡುವಿನ ಗುಂಡು ಚೀಟಿಯ ಮೇಲೆ ಅಚ್ಚಾಗಲು ಒಂದು ಹೆಸರು, ಅಷ್ಟೇ. ಆ ಹೆಸರು ‘ಬ್ಲ್ಯಾಂಕ್ ರೆಕಾರ್ಡ್ಸ್’. ಕೆಲವೇ ತಿಂಗಳಲ್ಲಿ ದೊಡ್ಡ ಸಂಸ್ಥೆಯಾದ ಮರ್ಕ್ಯುರಿ ಹೊಸ ಅಲೆಯ ತಂಡಗಳಿಗಾಗಿ ಒಂದು ಉಪಸಂಸ್ಥೆ ತೆರೆಯಲು ಹೊರಟು, ಅದಕ್ಕೂ ಬ್ಲ್ಯಾಂಕ್ ಎಂದೇ ಹೆಸರಿಟ್ಟಿತು. ನೋಡಿದರೆ ಆ ಹೆಸರು ಲೋಡೈಯ ಹುಡುಗನೊಬ್ಬನ ಹತ್ತಿರ ಇದೆ.

ಹೆಸರು ಬಿಟ್ಟುಕೊಡಲು ಡ್ಯಾನ್‌ಜಿಗ್ ಒಪ್ಪಿದ. ಪ್ರತಿಯಾಗಿ ಸಿಕ್ಕಿದ್ದು ನ್ಯೂಯಾರ್ಕಿನ ಸ್ಟುಡಿಯೊ ಒಂದರಲ್ಲಿ 30 ಗಂಟೆಗಳ ಧ್ವನಿಮುದ್ರಣದ ಅವಕಾಶ. 1978ರ ಜನವರಿ-ಫೆಬ್ರುವರಿಯಲ್ಲಿ ತಂಡ ಅಲ್ಲಿಗೆ ಹೋಯಿತು. ಆ ಹೊತ್ತಿಗೆ ಪಿಯಾನೊ ಮೂಲೆ ಸೇರಿತ್ತು. ಫ್ರಾಂಶೆ ಕೋಮಾ ಎಂಬ ಗಿಟಾರ್ ವಾದಕ, ಮಿಸ್ಟರ್ ಜಿಮ್ ಎಂಬ ಡ್ರಮ್ಮರ್ ಬಂದಿದ್ದರು. ಆ ಅವಧಿಯಲ್ಲಿ ಅವರು ಮುದ್ರಿಸಿದ್ದು ಹದಿನೇಳು ಹಾಡು. ಲೆಕ್ಕ ಹಾಕಿದರೆ ಹಾಡೊಂದಕ್ಕೆ ಎರಡು ಗಂಟೆಯೂ ಬೀಳುವುದಿಲ್ಲ, ಅದರಲ್ಲೇ ಮೈಕು ಜೋಡಿಸುವುದೂ ಮಿಶ್ರಣ ಮಾಡುವುದೂ ಸೇರಿ. ಹದಿನಾಲ್ಕು ಹಾಡುಗಳ ಮಿಶ್ರಣ ಮುಗಿಯುವಷ್ಟರಲ್ಲಿ ಸಮಯ ಮುಗಿಯಿತು.

ಹೀಗೆ ಒಂದು ಪೂರ್ತಿ ಆಲ್ಬಮ್ ಕೈಯಲ್ಲಿತ್ತು, ‘ಸ್ಟ್ಯಾಟಿಕ್ ಏಜ್’ ಎಂದು ಹೆಸರೂ ಇತ್ತು. ಕೊಳ್ಳುವವರು ಒಬ್ಬರೂ ಸಿಗಲಿಲ್ಲ. ನಾಲ್ಕು ಹಾಡುಗಳನ್ನು ಆರಿಸಿ ಅದೇ ವರ್ಷ ‘ಬುಲೆಟ್’ ಎಂಬ ಕಿರು ರೆಕಾರ್ಡಾಗಿ ತಾವೇ ಹೊರತಂದರು. ಉಳಿದವು ಅಲ್ಲೊಂದು ಇಲ್ಲೊಂದು ಚೂರಾಗಿ ಹೊರಬಿದ್ದವು. ಆಲ್ಬಮ್ ತನ್ನದೇ ರೂಪದಲ್ಲಿ ಅಂಗಡಿಗೆ ಬಂದದ್ದು 1997ರಲ್ಲಿ, ಅಂದರೆ ಮುದ್ರಣವಾದ ಹತ್ತೊಂಬತ್ತು ವರ್ಷಕ್ಕೆ.

1978ರಲ್ಲೇ ಯಾರಾದರೂ ಅದನ್ನು ಹೊರತಂದಿದ್ದರೆ ಏನಾಗುತ್ತಿತ್ತು ಎಂದು ಆಗಾಗ ಯೋಚಿಸುತ್ತೇನೆ. ಅಮೆರಿಕದ ಮೊದಲ ಸುತ್ತಿನ ಪಂಕ್ ಆಲ್ಬಮ್‌ಗಳ ಸಾಲಿನಲ್ಲಿ ಇವರ ಹೆಸರೂ ನಿಲ್ಲುತ್ತಿತ್ತು. ಭೂತದ ವೇಷ ಮಾತ್ರ ಅಷ್ಟು ದಟ್ಟವಾಗುತ್ತಿತ್ತೇ ಎಂಬುದು ಅನುಮಾನ, ಏಕೆಂದರೆ ಆ ಹಾಡುಗಳಲ್ಲಿ ರಾಕ್ಷಸರಿಗಿಂತ ಟಿವಿ, ಹಾಲಿವುಡ್, ಹತ್ಯೆಯ ಸುದ್ದಿಗಳು ಹೆಚ್ಚು. ದೊಡ್ಡವರು ಬಾಗಿಲು ತೆರೆಯಲಿಲ್ಲ, ಇವರು ತಮ್ಮದೇ ನೆಲಮಾಳಿಗೆಗೆ ಇಳಿದರು.

ಪ್ಲ್ಯಾನ್ 9 ಯಾರ ಸಂಸ್ಥೆ?

ಇವರದೇ. ಬ್ಲ್ಯಾಂಕ್ ಹೆಸರು ಕೈಬಿಟ್ಟ ಮೇಲೆ ಡ್ಯಾನ್‌ಜಿಗ್ ಇಟ್ಟ ಹೊಸ ಹೆಸರು, ಎಡ್ ವುಡ್ ನಿರ್ದೇಶಿಸಿದ, ಅತಿ ಕೆಟ್ಟ ಚಿತ್ರ ಎಂದೇ ಖ್ಯಾತವಾದ ಚಿತ್ರದಿಂದ ಎತ್ತಿದ್ದು. ರೆಕಾರ್ಡು ಅಚ್ಚು ಹಾಕಿಸುವುದು, ಹೊದಿಕೆ ವಿನ್ಯಾಸ ಮಾಡುವುದು, ಅಂಚೆಯಲ್ಲಿ ಬಂದ ಬೇಡಿಕೆಗಳಿಗೆ ಪೊಟ್ಟಣ ಕಟ್ಟುವುದು ಎಲ್ಲವೂ ಮನೆಯಿಂದಲೇ. ‘ಫೀಂಡ್ ಕ್ಲಬ್’ ಎಂಬ ಅಭಿಮಾನಿ ಸಂಘವೂ ಅಂಚೆಯ ಮೂಲಕವೇ ನಡೆಯುತ್ತಿತ್ತು. ಜೆರಿಯ ಕುಟುಂಬಕ್ಕೆ ಯಂತ್ರದ ಕಾರ್ಖಾನೆ ಇತ್ತು. ಹಗಲು ಅಲ್ಲಿ ದುಡಿಮೆ, ತಂಡದ ಖರ್ಚಿಗೆ ಅದೇ ಆಧಾರ. ಸ್ವತಂತ್ರ ತಂಡ ಎಂಬ ಪದವನ್ನು ಈಗ ಸಡಿಲವಾಗಿ ಬಳಸುತ್ತಾರೆ. ಇವರ ಮಟ್ಟಿಗೆ ಅದರ ಅರ್ಥ ಅಂಚೆಚೀಟಿ ನೆಕ್ಕುವವರೂ ತಾವೇ ಎಂದು.

ಪ್ರತಿಗಳು ಕಡಿಮೆ, ಮುಗಿದರೆ ಮರುಮುದ್ರಣ ಅಪರೂಪ. ಇವರ ಬಗ್ಗೆ ದಂತಕತೆ ಬೆಳೆಯಲು ಈ ಕೊರತೆಯ ಕೊಡುಗೆ ಬಹಳ. ಯಾರೋ ಒಬ್ಬರ ಬಳಿ ರೆಕಾರ್ಡಿದೆ, ಉಳಿದವರ ಬಳಿ ಅದರ ಕ್ಯಾಸೆಟ್ಟಿನ ಕ್ಯಾಸೆಟ್ಟಿನ ಕ್ಯಾಸೆಟ್ಟಿದೆ. ಪ್ರತಿ ನಕಲಿಗೂ ದನಿ ಇನ್ನಷ್ಟು ಮಸುಕಾಗಿ, ಇನ್ನಷ್ಟು ಗೋರಿಯೊಳಗಿನಿಂದ ಬಂದಂತೆ ಕೇಳಿಸುತ್ತಿತ್ತು.

ಎಷ್ಟು ಜನ ಬಂದು ಹೋದರು?

ಡ್ಯಾನ್‌ಜಿಗ್ ಮತ್ತು ಜೆರಿ ಮಾತ್ರ ಮೊದಲಿಂದ ಕೊನೆಯವರೆಗೆ. ಡ್ರಮ್ಮರ್‌ಗಳೇ ಆರು ಮಂದಿ: ಮ್ಯಾನಿ, ಮಿಸ್ಟರ್ ಜಿಮ್, ಜೋಯಿ ಇಮೇಜ್, ಆರ್ಥರ್ ಗೂಗಿ, ರೋಬೋ, ಮತ್ತು ಒಂದೇ ಒಂದು ಪ್ರದರ್ಶನದ ಬ್ರಯಾನ್ ಡ್ಯಾಮೇಜ್. ಗೂಗಿ ಬಿಟ್ಟುಹೋದದ್ದು ಚೀಸ್ ಬರ್ಗರ್ ವಿಷಯಕ್ಕೆ ಡ್ಯಾನ್‌ಜಿಗ್ ಜೊತೆ ನಡೆದ ಜಗಳದಿಂದ ಎಂಬ ಕತೆ ಬಹಳ ಪ್ರಚಲಿತ. ಒಂದೇ ವ್ಯಾನಿನಲ್ಲಿ ವಾರಗಟ್ಟಲೆ ಕೂತವರಿಗೆ ಅದು ಅಸಂಭವ ಎನಿಸದು.

ಗಿಟಾರಿನಲ್ಲಿ ಫ್ರಾಂಶೆ ಕೋಮಾ ನಂತರ ಬಾಬಿ ಸ್ಟೀಲ್ ಬಂದ. 1980ರಲ್ಲಿ ಅವನ ಜಾಗಕ್ಕೆ ಜೆರಿಯ ತಮ್ಮ ಪಾಲ್ ಬಂದ, ಹದಿನಾರರ ಹುಡುಗ. ವೇದಿಕೆಯ ಹೆಸರು ಡಾಯ್ಲ್. ಬಾಬಿಗೆ ಇದು ಹಿಡಿಸಲಿಲ್ಲ. ಆತ ‘ದಿ ಅನ್‌ಡೆಡ್’ ಎಂಬ ಸ್ವಂತ ತಂಡ ಕಟ್ಟಿಕೊಂಡ. ಡಾಯ್ಲ್ ಗಿಟಾರನ್ನು ಮೀಟುವುದಿಲ್ಲ, ಗುದ್ದುತ್ತಾನೆ. ಮೈಕಟ್ಟು, ಮುಖದ ಬಣ್ಣ ಎರಡೂ ಸೇರಿ ಆತ ವೇದಿಕೆಯ ಮೇಲೆ ಪ್ರಯೋಗಶಾಲೆಯಿಂದ ತಪ್ಪಿಸಿಕೊಂಡ ಜೀವದಂತೆ ಕಾಣುತ್ತಿದ್ದ. ಬಾಬಿಯ ಬೆರಳಲ್ಲಿ ಹೆಚ್ಚು ನಯ ಇತ್ತು ಎಂದು ನಾನು ಈಗಲೂ ವಾದಿಸುತ್ತೇನೆ. ಆದರೆ ಮಿಸ್‌ಫಿಟ್ಸ್ ಎಂದೊಡನೆ ಕಣ್ಣಿಗೆ ಬರುವ ಚಿತ್ರ ಡಾಯ್ಲ್‌ನದು.

ಮುಖದ ಮೇಲೆ ಇಳಿಬಿಟ್ಟ ಆ ಜುಟ್ಟಿಗೆ ಏನೆನ್ನುತ್ತಾರೆ?

ಡೆವಿಲಾಕ್. ತಲೆಯ ಎರಡೂ ಬದಿ ಮೋಟಾಗಿ, ನೆತ್ತಿಯ ಕೂದಲು ಉದ್ದವಾಗಿ, ಅದನ್ನು ಮುಂದಕ್ಕೆ ಬಾಚಿ ಎರಡು ಕಣ್ಣುಗಳ ನಡುವೆ ಗಲ್ಲದವರೆಗೆ ಇಳಿಬಿಡುವುದು. ಶುರು ಮಾಡಿದವನು ಜೆರಿ. ನಂತರ ಡ್ಯಾನ್‌ಜಿಗ್, ಡಾಯ್ಲ್ ಇಬ್ಬರೂ ಅದನ್ನೇ ಹಿಡಿದರು.

ಲಂಡನ್ನಿನಲ್ಲಿ ಜೈಲಿಗೆ ಹೋಗಿದ್ದರಂತೆ?

1979ರ ಕೊನೆಯಲ್ಲಿ ಡ್ಯಾಮ್ಡ್ ತಂಡದ ಜೊತೆ ಇಂಗ್ಲೆಂಡ್ ಪ್ರವಾಸ ಮಾಡಬಹುದು ಎಂದು ನಂಬಿ ವಿಮಾನ ಹತ್ತಿದರು. ಅಲ್ಲಿ ಇಳಿದು ನೋಡಿದರೆ ಏರ್ಪಾಡು ಸರಿಯಿಲ್ಲ. ಪ್ರವಾಸ ಶುರುವಿನಲ್ಲೇ ಕೈಬಿಟ್ಟಿತು. ಜೋಯಿ ಇಮೇಜ್ ಮನೆಗೆ ಮರಳಿದ. ಉಳಿದವರು ಊರಲ್ಲಿ ಅಲೆಯುತ್ತಿದ್ದಾಗ ಸಂಗೀತ ಸಭಾಂಗಣವೊಂದರ ಹೊರಗೆ ತಲೆ ಬೋಳಿಸಿದ ಸ್ಕಿನ್‌ಹೆಡ್ ಪುಂಡರ ಗುಂಪಿನ ಜೊತೆ ಜಗಳವಾಗಿ, ಡ್ಯಾನ್‌ಜಿಗ್ ಮತ್ತು ಬಾಬಿ ಸ್ಟೀಲ್ ಬ್ರಿಕ್ಸ್‌ಟನ್ ಜೈಲು ಸೇರಿದರು. ಆ ಕೋಣೆಯಿಂದ ಹುಟ್ಟಿದ್ದು ‘ಲಂಡನ್ ಡಂಜನ್’. ಅವರ ಹಾಡುಗಳಲ್ಲಿ ಭೂತವಿಲ್ಲದೆಯೂ ನಡುಗಿಸುವ ಕೆಲವೇ ಹಾಡುಗಳಲ್ಲಿ ಇದೊಂದು. ಬಾಸ್ ಗಿಟಾರ್ ಒಂದೇ ಜಾಗದಲ್ಲಿ ಸುತ್ತುತ್ತದೆ, ಗೋಡೆಯಿಂದ ಗೋಡೆಗೆ ನಡೆಯುವ ಕೈದಿಯ ಹಾಗೆ.

ಅವರು ಬದುಕಿದ್ದಾಗ ಬಂದ ದೊಡ್ಡ ಆಲ್ಬಮ್ ಯಾವುದು?

ಅಂದರೆ ತಂಡ ಬದುಕಿದ್ದಾಗ. 1982ರ ‘ವಾಕ್ ಅಮಂಗ್ ಅಸ್’ ಒಂದೇ. ಲಾಸ್ ಏಂಜಲೀಸ್‌ನ ಸ್ಲ್ಯಾಶ್ ಸಂಸ್ಥೆಯ ಅಂಗವಾದ ರೂಬಿ ರೆಕಾರ್ಡ್ಸ್ ಹೊರತಂದಿತು. ಹದಿಮೂರು ಹಾಡು, ಒಟ್ಟು ಇಪ್ಪತ್ತೈದು ನಿಮಿಷ. ಹೊದಿಕೆಯ ಮೇಲೆ ತಂಡದವರ ಹಿಂದೆ 1956ರ ಚಿತ್ರವೊಂದರ ಹಾರುವ ತಟ್ಟೆಗಳಿವೆ. ಇನ್ನೊಂದು ಮಂಗಳಗ್ರಹದ ಚಿತ್ರದಿಂದ ಬಂದ, ಇಲಿ, ಬಾವಲಿ, ಜೇಡ ಮೂರೂ ಬೆರೆತ ಪ್ರಾಣಿಯಿದೆ.

ಕೇಳಿದರೆ ಮೊದಲು ಅಚ್ಚರಿ ಹುಟ್ಟಿಸುವುದು ಇಂಪು. ಡ್ಯಾನ್‌ಜಿಗ್ ಕಿರುಚುವುದಿಲ್ಲ, ಹಾಡುತ್ತಾನೆ. ಎಲ್ವಿಸ್ ಪ್ರೆಸ್ಲಿ, ರಾಯ್ ಆರ್ಬಿಸನ್ ಕಾಲದ ಆ ತುಂಬು ಗಂಟಲು. ಹಿಂದೆ ಜೆರಿ ಮತ್ತು ಡಾಯ್ಲ್ ‘ವೋ’ ಎಂದು ಎಳೆಯುತ್ತಾರೆ. ಫುಟ್‌ಬಾಲ್ ಮೈದಾನದ ಕೂಗು, 1950ರ ದಶಕದ ಬೀದಿಮೂಲೆಯ ಹಾಡುಗಾರರ ಮೇಳ ಎರಡೂ ಅದರಲ್ಲಿ ಸೇರಿವೆ. ಪದಗಳನ್ನು ಬದಲಿಸಿದರೆ ಇವುಗಳಲ್ಲಿ ಅರ್ಧ ಹಾಡುಗಳು ಪ್ರೇಮಗೀತೆಯಾಗಿ ನಡೆಯುತ್ತವೆ. ಸಾಹಿತ್ಯದಲ್ಲಿ ಕತ್ತರಿಸಿದ ತಲೆ, ರಾಗದಲ್ಲಿ ಶಾಲಾ ನೃತ್ಯಕೂಟ. ಹಿಂದೆ ಬಂದ ಅನುಕರಣಕಾರರಲ್ಲಿ ಬಹಳ ಮಂದಿ ತಲೆಯನ್ನು ಮಾತ್ರ ತೆಗೆದುಕೊಂಡರು, ರಾಗವನ್ನು ಬಿಟ್ಟರು.

ಇದರಲ್ಲಿ ‘ವ್ಯಾಂಪೈರಾ’ ಎಂಬ ಹಾಡಿದೆ. 1954ರಲ್ಲಿ ಲಾಸ್ ಏಂಜಲೀಸ್ ಟಿವಿಯಲ್ಲಿ ಆ ಹೆಸರಿನ ಪಾತ್ರ ಮಾಡಿ ಭೂತಚಿತ್ರಗಳನ್ನು ಪರಿಚಯಿಸುತ್ತಿದ್ದ ನಟಿ ಮೈಲಾ ನೂರ್ಮಿಯ ಮೇಲಿನ ಹಾಡು ಅದು.

ಸ್ಮಶಾನದಲ್ಲಿ ಪೊಲೀಸರು ಹಿಡಿದದ್ದು ನಿಜವೇ?

ನಿಜ. 1982ರ ಅಕ್ಟೋಬರ್‌ನಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಕಾರ್ಯಕ್ರಮ ಮುಗಿಸಿ, 19ನೆಯ ಶತಮಾನದ ಪ್ರಸಿದ್ಧ ವೂಡೂ ಮಾಂತ್ರಿಕೆ ಮರಿ ಲವೋಳ ಸಮಾಧಿ ನೋಡಬೇಕೆಂದು ರಾತ್ರಿ ಸ್ಮಶಾನಕ್ಕೆ ಹೋದರು. ಪೊಲೀಸರು ಬಂದು ಎಲ್ಲರನ್ನೂ ಹಿಡಿದರು. ಜಾಮೀನಿನ ಮೇಲೆ ಹೊರಬಂದವರು ವಿಚಾರಣೆಗೆ ನಿಲ್ಲದೆ, ಮುಂದಿನ ಕಾರ್ಯಕ್ರಮಕ್ಕೆಂದು ಫ್ಲಾರಿಡಾ ಕಡೆ ವ್ಯಾನು ತಿರುಗಿಸಿದರು. ಹೆಣ ಕದ್ದರು ಎಂಬುದು ಮುಂದೆ ಸೇರಿದ ಮಸಾಲೆ. ಭೂತದ ಹಾಡು ಹಾಡುವವರು ಅಕ್ಟೋಬರ್‌ನಲ್ಲಿ ಸ್ಮಶಾನದಲ್ಲಿ ಸಿಕ್ಕಿಬಿದ್ದರೆ ಮಸಾಲೆ ಸೇರದೆ ಇರುತ್ತದೆಯೇ?

ಇವರು ಸೈತಾನನ ಆರಾಧಕರೇ?

ಅಲ್ಲ, ತಡರಾತ್ರಿ ಟಿವಿಯ ಆರಾಧಕರು.

ಕೆಲವು ಹಾಡುಗಳ ಸಾಹಿತ್ಯ ಅಸಹ್ಯವಾಗಿದೆ. ಅದಕ್ಕೇನು ಹೇಳುತ್ತೀರಿ?

ಅಸಹ್ಯವಾಗಿಯೇ ಇದೆ. ‘ಲಾಸ್ಟ್ ಕರೆಸ್’ ಎರಡು ನಿಮಿಷದೊಳಗೆ ಶಿಶುಹತ್ಯೆ, ಅತ್ಯಾಚಾರ ಎರಡನ್ನೂ ನಗುನಗುತ್ತ ಹೇಳುತ್ತದೆ. ‘ಬುಲೆಟ್’ ಹಾಡು ಅಧ್ಯಕ್ಷ ಕೆನಡಿಯ ಹತ್ಯೆಯ ಬಗ್ಗೆ ಶುರುವಾಗಿ, ಅವರ ಪತ್ನಿಯ ಬಗ್ಗೆ ಹೊಲಸು ಮಾತಿನಲ್ಲಿ ಮುಗಿಯುತ್ತದೆ. ಬೆಚ್ಚಿಬೀಳಿಸುವುದೇ ಗುರಿ ಎಂದು ಸಮರ್ಥಿಸುವವರಿದ್ದಾರೆ. ಆದರೆ ಬೆಚ್ಚಿಬೀಳಿಸುವ ಆಟಕ್ಕೆ ವಯಸ್ಸಾಗುತ್ತದೆ. ಮೊದಲನೆಯ ಹಾಡಿನ ರಾಗ ಎಷ್ಟು ಚೆನ್ನಾಗಿದೆಯೆಂದರೆ, ಏನು ಹಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಬಾಯಲ್ಲಿ ಬಂದಿರುತ್ತದೆ. ತಿಳಿದ ಮೇಲೆ ಒಂದು ಕ್ಷಣ ನಾಲಿಗೆ ಕಚ್ಚಿಕೊಳ್ಳಬೇಕು. ಎರಡನೆಯದನ್ನು ನಾನು ದಾಟಿಸಿಬಿಡುತ್ತೇನೆ.

‘ಅರ್ತ್ ಎ.ಡಿ.’ ರೆಕಾರ್ಡು ಯಾಕೆ ಅಷ್ಟು ಬೇರೆ?

ವೇಗ. 1982-83ರ ಹೊತ್ತಿಗೆ ಅಮೆರಿಕದ ಪಂಕ್ ಹಾರ್ಡ್‌ಕೋರ್ ಆಗಿತ್ತು, ಎಲ್ಲರೂ ಎಲ್ಲರಿಗಿಂತ ವೇಗವಾಗಿ ನುಡಿಸುವ ಹಟಕ್ಕೆ ಬಿದ್ದಿದ್ದರು. ಬ್ಲ್ಯಾಕ್ ಫ್ಲ್ಯಾಗ್ ತಂಡದಲ್ಲಿದ್ದ ಕೊಲಂಬಿಯಾ ಮೂಲದ ರೋಬೋ ಡ್ರಮ್ಸ್‌ಗೆ ಬಂದ. ಒಂಬತ್ತು ಹಾಡುಗಳು ಸುಮಾರು ಹದಿನೈದು ನಿಮಿಷದಲ್ಲಿ ಮುಗಿಯುತ್ತವೆ. ಇಂಪು ಹೋಯಿತು, ಮೋಜೂ ಬಹುಪಾಲು ಹೋಯಿತು. ಉಳಿದದ್ದು ಹಸಿ ರೋಷ. ಅಂದಿನ ಥ್ರ್ಯಾಶ್ ಮೆಟಲ್ ಹುಡುಗರಿಗೆ ಇದೇ ಪಾಠಪುಸ್ತಕವಾಯಿತು. ನನಗೆ ಇದು ಒಂದೇ ಉಸಿರಿನಲ್ಲಿ ಕೇಳಿ ಮುಗಿಸುವ ರೆಕಾರ್ಡು, ಮತ್ತೆ ಮತ್ತೆ ಹೋಗುವ ಮನೆಯಲ್ಲ. ಅಂಗಡಿಗೆ ಬಂದದ್ದು 1983ರ ಡಿಸೆಂಬರ್‌ನಲ್ಲಿ. ಆ ಹೊತ್ತಿಗೆ ತಂಡವೇ ಇರಲಿಲ್ಲ.

ತಂಡ ಒಡೆದದ್ದು ಹೇಗೆ?

ಡ್ಯಾನ್‌ಜಿಗ್ ಒಳಗೊಳಗೇ ಹೊರಗೆ ಕಾಲಿಟ್ಟಾಗಿತ್ತು. ಸ್ಯಾಮ್‌ಹೇನ್ ಎಂಬ ಮುಂದಿನ ತಂಡದ ಯೋಚನೆ ತಲೆಯಲ್ಲಿತ್ತು. 1983ರ ಅಕ್ಟೋಬರ್ 29ರಂದು, ಹ್ಯಾಲೊವೀನ್‌ಗೆ ಎರಡು ದಿನ ಮೊದಲು, ಡೆಟ್ರಾಯಿಟ್‌ನ ಗ್ರೇಸ್ಟೋನ್ ಸಭಾಂಗಣದಲ್ಲಿ ಕಾರ್ಯಕ್ರಮ. ರೋಬೋ ಬಿಟ್ಟುಹೋಗಿದ್ದರಿಂದ ಡ್ರಮ್ಸ್‌ಗೆ ಬ್ರಯಾನ್ ಡ್ಯಾಮೇಜ್ ಹೊಸಬ. ಆತ ಕುಡಿದು ಬಂದಿದ್ದ. ಕೆಲವು ಹಾಡುಗಳಲ್ಲೇ ಲಯ ಕೈತಪ್ಪಿ, ಅವನನ್ನು ವೇದಿಕೆಯಿಂದ ಇಳಿಸಿದರು. ಅಂದು ಅದೇ ವೇದಿಕೆಯಲ್ಲಿ ಹಾಡಿದ್ದ ನೆಕ್ರೋಸ್ ತಂಡದ ಡ್ರಮ್ಮರ್ ಟಾಡ್ ಸ್ವಾಲಾ ಬಂದು ಕೂತು ಉಳಿದದ್ದನ್ನು ಮುಗಿಸಿಕೊಟ್ಟ. ಇದು ತಮ್ಮ ಕೊನೆಯ ಕಾರ್ಯಕ್ರಮ ಎಂದು ಡ್ಯಾನ್‌ಜಿಗ್ ಸಭೆಗೆ ಹೇಳಿದ. ಹಾಗೆ, ಎರವಲು ಡ್ರಮ್ಮರ್‌ನೊಂದಿಗೆ ತಂಡದ ಕತೆ ಮುಗಿಯಿತು.

ಹಾಗಾದರೆ ಇಷ್ಟು ಹೆಸರು ಬಂದದ್ದು ಯಾವಾಗ?

ಸತ್ತ ಮೇಲೆ. ಮೆಟಾಲಿಕಾ ತಂಡದ ಬಾಸ್ ವಾದಕ ಕ್ಲಿಫ್ ಬರ್ಟನ್ ತೋಳಿನ ಮೇಲೆ ಈ ಬುರುಡೆಯ ಹಚ್ಚೆ ಇತ್ತು. 1986ರಲ್ಲಿ ಸ್ವೀಡನ್‌ನ ಬಸ್ ಅಪಘಾತದಲ್ಲಿ ಆತ ತೀರಿಕೊಂಡ. ಮರುವರ್ಷ ಮೆಟಾಲಿಕಾ ಹೊರತಂದ ಕಿರು ರೆಕಾರ್ಡಿನಲ್ಲಿ ಮಿಸ್‌ಫಿಟ್ಸ್‌ನ ಎರಡು ಹಾಡುಗಳನ್ನು ಬೆಸೆದು ಹಾಡಿದರು. ಕ್ಯಾಸೆಟ್ಟಿನ ಚೀಟಿ ಓದುವ ಲಕ್ಷಾಂತರ ಹುಡುಗರು ಮೂಲ ಯಾರದೆಂದು ಹುಡುಕಿ ಹೊರಟರು. 1993ರಲ್ಲಿ ಗನ್ಸ್ ಎನ್ ರೋಸಸ್ ಇನ್ನೊಂದು ಹಾಡನ್ನು ಎತ್ತಿಕೊಂಡರು. 1996ರಲ್ಲಿ ಶವಪೆಟ್ಟಿಗೆಯ ಆಕಾರದ ಡಬ್ಬಿಯಲ್ಲಿ ಹಳೆಯ ಮುದ್ರಣಗಳ ಸಂಗ್ರಹ ಬಂತು. 500 ಪ್ರತಿ ಅಚ್ಚು ಹಾಕಿಸುತ್ತಿದ್ದ ತಂಡ ಇದು.

ಕೋರ್ಟಿಗೆ ಹೋದದ್ದು ಯಾವುದಕ್ಕೆ?

ಹೆಸರಿಗೆ, ಹಣಕ್ಕೆ. 1985ರಲ್ಲಿ ಡ್ಯಾನ್‌ಜಿಗ್ ಹಳೆಯ ಮುದ್ರಣಗಳ ಸಂಗ್ರಹವೊಂದನ್ನು ತರುವಾಗ, ಸಹವಾದಕರು ನುಡಿಸಿದ್ದರ ಮೇಲೆ ಹಲವು ಕಡೆ ತಾನೇ ಮತ್ತೆ ನುಡಿಸಿ ಸೇರಿಸಿದ. ಹಾಡು ಬರೆದವನು ತಾನೇ ಎಂಬುದು ಅವನ ಬಲ. ನುಡಿಸಿದವರು, ವರ್ಷಗಟ್ಟಲೆ ಖರ್ಚು ಹೊತ್ತವರು ನಾವು ಎಂಬುದು ಕಯಾಫಾ ಸೋದರರ, ಅಂದರೆ ಜೆರಿ ಮತ್ತು ಡಾಯ್ಲ್‌ರ ವಾದ. ಹಲವು ವರ್ಷ ಎಳೆದ ಮೇಲೆ 1995ರ ಹೊತ್ತಿಗೆ ಹಾವೂ ಸಾಯದ ಕೋಲೂ ಮುರಿಯದ ಒಪ್ಪಂದವಾಯಿತು: ಮಿಸ್‌ಫಿಟ್ಸ್ ಹೆಸರಿನಲ್ಲಿ ಹಾಡುವ, ರೆಕಾರ್ಡ್ ಮಾಡುವ ಹಕ್ಕು ಜೆರಿಗೆ, ಅಂಗಿ, ಚಿತ್ರ ಮೊದಲಾದವುಗಳ ಮಾರಾಟದಲ್ಲಿ ಇಬ್ಬರಿಗೂ ಪಾಲು. 2014ರಲ್ಲಿ ಆ ಮಾರಾಟದ ವಿಷಯಕ್ಕೇ ಡ್ಯಾನ್‌ಜಿಗ್ ಮತ್ತೆ ಕೋರ್ಟಿನ ಮೆಟ್ಟಿಲೇರಿದ.

1995ರ ನಂತರದ ತಂಡ ನಿಜವಾದ ಮಿಸ್‌ಫಿಟ್ಸ್ ಹೌದೇ?

ಈ ಪ್ರಶ್ನೆಗೆ ಗೆಳೆತನಗಳು ಮುರಿದಿವೆ. ಜೆರಿ ಮತ್ತು ಡಾಯ್ಲ್, ಮೈಕಲ್ ಗ್ರೇವ್ಸ್ ಎಂಬ ಹೊಸ ಗಾಯಕನನ್ನೂ ಡಾಕ್ಟರ್ ಚಡ್ ಎಂಬ ಡ್ರಮ್ಮರ್‌ನನ್ನೂ ಕೂಡಿಕೊಂಡು 1997ರಲ್ಲಿ ಒಂದು, 1999ರಲ್ಲಿ ಒಂದು ಆಲ್ಬಮ್ ಮಾಡಿದರು. ಗ್ರೇವ್ಸ್ ಒಳ್ಳೆಯ ಗಾಯಕ, ಹಾಡುಗಳೂ ಒಳ್ಳೆಯವು. ಕೊರತೆ ಏನೆಂದರೆ, ಅಷ್ಟು ಹೊತ್ತಿಗೆ ಮಿಸ್‌ಫಿಟ್ಸ್ ಹೇಗಿರಬೇಕು ಎಂದು ಎಲ್ಲರಿಗೂ ಗೊತ್ತಾಗಿತ್ತು, ತಂಡಕ್ಕೂ ಕೂಡ. 1979ರಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. 2000ದಲ್ಲಿ ಗ್ರೇವ್ಸ್, ಚಡ್ ಇಬ್ಬರೂ ಹೊರನಡೆದರು. ಮುಂದೆ ಜೆರಿ ತಾನೇ ಹಾಡತೊಡಗಿ, ಯಾರ್‍ಯಾರನ್ನೋ ಜೊತೆಗಿಟ್ಟುಕೊಂಡು ಹೆಸರನ್ನು ಜೀವಂತ ಇಟ್ಟ. ಆ ಹಟಕ್ಕೆ ನನ್ನ ಗೌರವವಿದೆ, ಆ ರೆಕಾರ್ಡುಗಳನ್ನು ಮಾತ್ರ ಹೆಚ್ಚು ಹಾಕುವುದಿಲ್ಲ.

ಹಳಬರು ಮತ್ತೆ ಒಂದಾದರಲ್ಲವೇ?

ಆದರು. 2016ರ ಸೆಪ್ಟೆಂಬರ್‌ನಲ್ಲಿ ರಯಟ್ ಫೆಸ್ಟ್ ಎಂಬ ಉತ್ಸವಕ್ಕಾಗಿ ಡೆನ್ವರ್‌ನಲ್ಲಿ, ನಂತರ ಶಿಕಾಗೊದಲ್ಲಿ ಡ್ಯಾನ್‌ಜಿಗ್, ಜೆರಿ, ಡಾಯ್ಲ್ ಮೂವರೂ ಒಂದೇ ವೇದಿಕೆ ಹತ್ತಿದರು. ಡ್ರಮ್ಸ್‌ಗೆ ಸ್ಲೇಯರ್ ತಂಡದಲ್ಲಿದ್ದ ಡೇವ್ ಲೊಂಬಾರ್ಡೊ. ಆಮೇಲೆ ಆಗೊಮ್ಮೆ ಈಗೊಮ್ಮೆ ದೊಡ್ಡ ಸಭಾಂಗಣಗಳಲ್ಲಿ ಹಾಡಿದರು. 2019ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಮೊದಲ ಪ್ರದರ್ಶನ ನಡೆದ ಸಿಬಿಜಿಬಿಯಿಂದ ಅಲ್ಲಿಗೆ ನಾಲ್ಕು ಕಿಲೋಮೀಟರ್ ಕೂಡ ಇಲ್ಲ. ಇವರಿಗೆ 42 ವರ್ಷ ಹಿಡಿಯಿತು.

ಎಲ್ಲಿಂದ ಕೇಳಲು ಶುರು ಮಾಡಲಿ?

‘ವಾಕ್ ಅಮಂಗ್ ಅಸ್’ ಇಂದ. ಇಪ್ಪತ್ತೈದು ನಿಮಿಷದಲ್ಲಿ ಇದು ನಿಮಗೆ ಒಗ್ಗುತ್ತದೆಯೋ ಇಲ್ಲವೋ ಗೊತ್ತಾಗುತ್ತದೆ. ಒಗ್ಗಿದರೆ ‘ಸ್ಟ್ಯಾಟಿಕ್ ಏಜ್’. ಮೂರನೆಯದಾಗಿ 1979ರ ‘ಹಾರರ್ ಬಿಸಿನೆಸ್’ ಸಿಂಗಲ್, ಬಾಬಿ ಸ್ಟೀಲ್ ಕಾಲದ್ದು. ಮೆಟಲ್ ಕೇಳಿ ಅಭ್ಯಾಸವಿದ್ದವರು ‘ಅರ್ತ್ ಎ.ಡಿ.’ ಇಂದ ಶುರು ಮಾಡಬಹುದು. ಕಿವಿಗೆ ಹಾಕಿಕೊಳ್ಳುವ ಸಣ್ಣ ಸಾಧನದಲ್ಲಿ ಕೇಳುವುದಕ್ಕಿಂತ ಕೋಣೆ ತುಂಬುವಂತೆ ಕೇಳಿ. ಆ ‘ವೋ’ ಒಬ್ಬರಿಗಾಗಿ ಮಾಡಿದ್ದಲ್ಲ.

ಕೊನೆಗೂ, ಆ ಬುರುಡೆ ಯಾರದು?

ರಿಪಬ್ಲಿಕ್ ಸಂಸ್ಥೆ 1946ರಲ್ಲಿ ಹನ್ನೆರಡು ಕಂತುಗಳಲ್ಲಿ ತೆಗೆದ ‘ದಿ ಕ್ರಿಮ್ಸನ್ ಘೋಸ್ಟ್’ ಎಂಬ ಸರಣಿ ಚಿತ್ರದ ಖಳನಾಯಕನದು. ತಲೆಬುರುಡೆಯ ಮುಖವಾಡ, ಮೇಲೆ ಮುಸುಕು. ಮುಖವಾಡದೊಳಗೆ ನಿಂತ ಮೈ ಒಬ್ಬರದು, ದನಿ ಇನ್ನೊಬ್ಬರದು. ಮುಂದೆ ಲೋನ್ ರೇಂಜರ್ ಆಗಿ ಮನೆಮಾತಾದ ಕ್ಲೇಟನ್ ಮೂರ್ ಇದರಲ್ಲಿ ಖಳನ ಬಲಗೈ ಬಂಟ. ಮಿಸ್‌ಫಿಟ್ಸ್ ಇದನ್ನು ಮೊದಲು ಬಳಸಿದ್ದು 1979ರಲ್ಲಿ ಒಂದು ಕಾರ್ಯಕ್ರಮದ ಕರಪತ್ರಕ್ಕೆ; ಹಿಡಿಸಿತು, ಅದೇ ವರ್ಷದ ‘ಹಾರರ್ ಬಿಸಿನೆಸ್’ ಹೊದಿಕೆಗೂ ಬಂತು, ಅಲ್ಲಿಂದ ಅಂಗಿಗೆ.

ಆ ಖಳನಾಯಕ ಹನ್ನೆರಡು ಕಂತುಗಳುದ್ದಕ್ಕೂ ಒಂದು ಯಂತ್ರದ ಬೆನ್ನು ಬಿದ್ದಿರುತ್ತಾನೆ. ಆ ಯಂತ್ರದ ಕೆಲಸ ಸುತ್ತಮುತ್ತಲಿನ ವಿದ್ಯುತ್ತನ್ನೆಲ್ಲ ನಿಲ್ಲಿಸಿಬಿಡುವುದು. ಎಲೆಕ್ಟ್ರಿಕ್ ಗಿಟಾರಿನ ತಂಡವೊಂದು ಅವನ ಮುಖವನ್ನೇ ಆರಿಸಿಕೊಂಡಿತು.